ಹೋಟೆಲ್ ನಮ್ಮದು, ಯಜಮಾನಿಕೆ ಊರಿನದು

ನಮ್ಮ ಹೋಟೆಲಿಗೆ ಒಂದು ಹೆಸರಿದೆ. ಲೈಸೆನ್ಸಿನಲ್ಲಿದೆ, ಕರೆಂಟ್ ಬಿಲ್ಲಿನಲ್ಲಿದೆ, ಬೋರ್ಡಿನಲ್ಲೂ ಇರಬೇಕು. ಇರಬೇಕು ಅನ್ನೋದು ಯಾಕೆಂದರೆ ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಬೋರ್ಡು ಪೂರ್ತಿ ಕಂಡಿದ್ದೇ ಇಲ್ಲ. ಅದರ ಮೇಲೆ ಯಕ್ಷಗಾನ ಮೇಳದ ಪೋಸ್ಟರು, ಅದರ ಮೇಲೆ ಸೊಸೈಟಿ ಎಲೆಕ್ಷನ್ನಿನದು, ಅದರ ಮೇಲೆ ಅಡಿಕೆ ಸುಲಿಯುವ ಮೆಷಿನ್ನಿನ ಜಾಹೀರಾತು. ಕೀಳೋಣ ಅಂದರೆ ಮಾವ ಒಪ್ಪುವುದಿಲ್ಲ. "ಕಿತ್ತರೆ ಗೆದ್ದವನಿಗೂ ಬೇಜಾರು, ಸೋತವನಿಗೂ ಬೇಜಾರು. ಇಬ್ಬರೂ ಬೆಳಿಗ್ಗೆ ಇಲ್ಲಿಗೇ ಬರೋದು. ಇರಲಿ ಬಿಡು" ಅನ್ನುತ್ತಾರೆ. ಊರಿಗೆ ಅದು ಭಟ್ರ ಹೋಟ್ಲು, ಅಷ್ಟೇ.

ಕೊಪ್ಪದಿಂದ ತೀರ್ಥಹಳ್ಳಿ ಕಡೆ ಹೋಗುವಾಗ ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮೂರು. ಹೆಂಚಿನ ಮಾಡು, ಆರು ಬೆಂಚು, ಒಂದು ಗಲ್ಲಾ, ಹಿಂದೆ ಅಡುಗೆಮನೆ, ಅದರ ಹಿಂದೆ ನಮ್ಮ ಮನೆ. ಮಾವನ ಅಪ್ಪ ಉಡುಪಿ ಕಡೆಯಿಂದ ಘಟ್ಟ ಹತ್ತಿ ಬಂದವರು. ಆ ಕಾಲದಲ್ಲಿ ಕರಾವಳಿಯ ಎಷ್ಟೋ ಹುಡುಗರು ಹೋಟೆಲಿನಲ್ಲಿ ಲೋಟ ತೊಳೆದಾದರೂ ಬದುಕೋಣ ಅಂತ ಹೀಗೇ ಹೊರಟವರು. ಕೆಲವರು ಬೆಂಗಳೂರು, ಮದ್ರಾಸು, ಬೊಂಬಾಯಿ ಮುಟ್ಟಿ ದೊಡ್ಡ ಹೆಸರು ಮಾಡಿದರು. 1924ರಲ್ಲಿ ಬೆಂಗಳೂರಿನಲ್ಲಿ ಎಂಟಿಆರ್ ಶುರು ಮಾಡಿದ ಮಯ್ಯರ ಮನೆಯವರೂ ಉಡುಪಿ ಸೀಮೆಯ ಪಾರಂಪಳ್ಳಿಯವರೇ. ನಮ್ಮ ಅಜ್ಜ ಹೊರಟಿದ್ದೂ ಬೆಂಗಳೂರಿಗೇ ಅಂತೆ. ಘಟ್ಟ ಹತ್ತಿದ ಮೇಲೆ ಮಳೆ ಹಿಡಿಯಿತು. ಬಿಡಲಿ ಅಂತ ಇಲ್ಲೇ ಒಬ್ಬರ ಜಗಲಿಯಲ್ಲಿ ಕೂತರು. ಮಲೆನಾಡಿನ ಮಳೆ ಬಿಡುವ ಹೊತ್ತಿಗೆ ಹೋಟೆಲ್ ಶುರುವಾಗಿತ್ತು.

ಹೊಸದಾಗಿ ಬಂದಾಗ ನನಗೊಂದು ತಪ್ಪು ತಿಳಿವಳಿಕೆ ಇತ್ತು. ಹೋಟೆಲಿನವರು ತಿಂಡಿ ಮಾಡುತ್ತಾರೆ, ಬಂದವರು ತಿಂದು ದುಡ್ಡು ಕೊಟ್ಟು ಹೋಗುತ್ತಾರೆ ಅಂತ. ಇಲ್ಲಿ ಹಾಗಲ್ಲ. ನಾಳೆ ಏನು ತಿಂಡಿ ಅಂತ ಹೇಳುವವರು ಊರಿನವರು. ಗಲ್ಲಾದಲ್ಲಿ ಕೂರುವವರು ರಿಟೈರ್ಡ್ ಮೇಷ್ಟ್ರು. ಮಾವ ಸ್ನಾನಕ್ಕೆ ಹೋದಾಗ ಒಮ್ಮೆ ಐದು ನಿಮಿಷ ಕೂರಿ ಅಂದಿದ್ದರಂತೆ. ಅವತ್ತಿನಿಂದ ಅವರು ಎದ್ದಿಲ್ಲ. ಸಂಬಳ ಇಲ್ಲ, ಕೆಲಸದ ಪತ್ರ ಇಲ್ಲ, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಂದು ಟವೆಲಿನಲ್ಲಿ ಕುರ್ಚಿ ಒರೆಸಿ ಕೂರುತ್ತಾರೆ. ಗಿರಾಕಿಗಳು ಸೀದಾ ಅಡುಗೆಮನೆಗೆ ಬಂದು ಸಾಂಬಾರಿಗೆ ಉಪ್ಪು ನೋಡುತ್ತಾರೆ. ಅತ್ತೆ ಒಗ್ಗರಣೆಗೆ ಇಟ್ಟ ಕರಿಬೇವು ಸಾಲದು ಅನ್ನಿಸಿದರೆ ಹಿತ್ತಲಿಗೆ ಹೋಗಿ ಅವರೇ ಕಿತ್ತು ತರುತ್ತಾರೆ. ನಾನು ಒಂದು ಸಲ "ಒಳಗೆ ಬರಬೇಡಿ" ಅಂತ ಬಾಗಿಲಿಗೆ ಚೀಟಿ ಅಂಟಿಸಿದೆ. ಒಬ್ಬರು ಅದನ್ನು ಓದಿಕೊಂಡೇ ಒಳಗೆ ಬಂದು, "ಅಂಟು ಸರಿಯಾಗಿ ಹಿಡಿದಿಲ್ಲ ನೋಡಮ್ಮ, ಅನ್ನದ ಗಂಜಿ ಹಚ್ಚಬೇಕು" ಅಂತ ಹೇಳಿ ಹೋದರು.

ನಾನು ದಾವಣಗೆರೆಯವಳು. ಈ ಒಂದು ಸಂಗತಿಯಿಂದ ಊರು ತನ್ನಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂದುಬಿಟ್ಟಿತ್ತು. ಭಟ್ರ ಸೊಸೆಗೆ ಬೆಣ್ಣೆ ದೋಸೆ ಬರುತ್ತದೆ ಅಂತ. ನಮ್ಮ ಮನೆಯಲ್ಲಿ ಯಾರೂ ಅದನ್ನು ಮಾಡುವುದಿಲ್ಲ, ಬೇಕಾದಾಗ ಹೋಟೆಲಿಗೆ ಹೋಗಿ ತಿಂದು ಬರುತ್ತೇವೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. "ಎಲ್ಲ ಹಾಗೇ ಅನ್ನೋದು, ನಾಚಿಕೆ" ಅಂದರು ಗೌಡ್ರು. ಮರುದಿನ ಅವರ ಮನೆಯಿಂದ ಸೇರುಗಟ್ಟಲೆ ಬೆಣ್ಣೆ ಬಂತು. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗುಂಡಗೆ ಬರೆದರು: ನಾಳೆಯಿಂದ ದಾವಣಗೆರೆ ಬೆಣ್ಣೆ ದೋಸೆ. ನನಗೆ ಈ ವಿಷಯ ತಿಳಿದದ್ದು ಹಾಲು ತಂದವನಿಂದ.

ತಿಂಗಳು ಜುಲೈ. ಹೊರಗೆ ಪುಷ್ಯ ಮಳೆ. ದಾವಣಗೆರೆಯಲ್ಲಿ ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಪಾತ್ರೆಯಿಂದ ಇಳಿದು ನೆಲಕ್ಕೆ ಬಂದಿರುತ್ತದೆ. ಇಲ್ಲಿ ಮಳೆಗಾಲದಲ್ಲಿ ಹಿಟ್ಟಿಗೂ ಚಳಿ. ಹುಳಿ ಬರಬೇಕಾದರೆ ಬೆಚ್ಚಗಿನ ಜಾಗ ಬೇಕು, ಆ ಬೆಚ್ಚಗೆ ಮನೆಯಲ್ಲಿ ಇರುವುದು ಬಚ್ಚಲ ಒಲೆಯ ಪಕ್ಕ ಮಾತ್ರ. ಸರಿ, ಅಲ್ಲಿಡೋಣ ಅಂತ ರುಬ್ಬಲು ಕೂತರೆ ಗ್ರೈಂಡರ್ ಎರಡು ಸುತ್ತು ತಿರುಗುವಷ್ಟರಲ್ಲಿ ಕರೆಂಟು ಹೋಯಿತು. ಮಳೆಗಾಲದಲ್ಲಿ ಹೋದ ಕರೆಂಟು ಯಾವಾಗ ಬರುತ್ತದೆ ಅಂತ ಇಲ್ಲಿ ಯಾರೂ ಕೇಳುವುದಿಲ್ಲ, ಕೇಳಿದರೆ ಹೊರಗಿನವರು ಅಂತ ಗೊತ್ತಾಗಿಬಿಡುತ್ತದೆ. ಹಳೆಯ ಒರಳು ಹೊರಬಂತು. ಸಂಜೆ ಟೀ ಕುಡಿಯಲು ಬಂದವರೆಲ್ಲ ಪಾಳಿ ಹಾಕಿಕೊಂಡು ತಿರುಗಿಸಿದರು. ತಿರುಗಿಸುವವರಿಗೆ ಹಸಿವಾಯಿತು. ಬೆಣ್ಣೆ ದೋಸೆಯ ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ಹಾಕಬೇಕು, ಅದೇ ಅದರ ಗುಟ್ಟು. ಅಣ್ಣ ಊರಿನಿಂದ ಕಳಿಸಿದ್ದ ಮಂಡಕ್ಕಿಯ ಚೀಲ ಅಲ್ಲೇ ಇತ್ತು. ಯಾರೋ ಈರುಳ್ಳಿ ಹೆಚ್ಚಿದರು, ಯಾರೋ ತೆಂಗಿನೆಣ್ಣೆ ತಂದರು, ಒಬ್ಬರು ಸೂಜಿಮೆಣಸು ಜಜ್ಜಿದರು. ಹಿಟ್ಟು ರುಬ್ಬಿ ಮುಗಿಯುವ ಹೊತ್ತಿಗೆ ಚೀಲವೂ ಮುಗಿದಿತ್ತು.

ಬೆಳಿಗ್ಗೆ ಪಾತ್ರೆ ತೆಗೆದರೆ ಒಲೆ ಕಡೆಗಿದ್ದ ಅರ್ಧ ಹಿಟ್ಟು ಉಕ್ಕಿ ಹುಳಿಯಾಗಿತ್ತು, ಗೋಡೆ ಕಡೆಗಿದ್ದ ಅರ್ಧ ನಿನ್ನೆ ಇದ್ದ ಹಾಗೇ ಇತ್ತು. ಕಲಸಿ ಕಾವಲಿಗೆ ಹುಯ್ದೆ. ಬೆಳ್ಳಗೆ, ಬೆರಳು ದಪ್ಪ, ಗರಿಗರಿ ಅನ್ನುವುದು ಹತ್ತಿರವೂ ಸುಳಿಯಲಿಲ್ಲ. ಮೊದಲ ದೋಸೆ ಮೇಷ್ಟ್ರಿಗೆ ಹೋಯಿತು. ಹೋಟೆಲ್ ಪೂರ್ತಿ ಅವರ ಬಾಯಿಯನ್ನೇ ನೋಡುತ್ತಿತ್ತು. ಒಂದು ತುಂಡು ಮುರಿದು, ಬೆಣ್ಣೆಗೆ ಒತ್ತಿ, ಕಣ್ಣು ಮುಚ್ಚಿ ಅಗಿದರು. "ಇದೇ. ದಾವಣಗೆರೆಯಲ್ಲಿ ಹೀಗೇ ಇರೋದು. ನಾನು ಟ್ರೈನಿಂಗಿಗೆ ಹೋದಾಗ ತಿಂದಿದ್ದೆ" ಅಂದರು. ಮುಗಿಯಿತು. ಅವತ್ತಿನಿಂದ ಇವತ್ತಿನವರೆಗೆ ನಮ್ಮೂರಿನಲ್ಲಿ ದಾವಣಗೆರೆ ದೋಸೆ ಅಂದರೆ ಆ ದಪ್ಪದ್ದೇ. ಆಮೇಲೆ ಬೇಸಿಗೆಯಲ್ಲಿ ಮಂಡಕ್ಕಿ ಹಾಕಿ, ಹಿಟ್ಟು ಹದವಾಗಿ ಹುಳಿ ಬರಿಸಿ, ಗರಿಗರಿಯಾಗಿ ಮಾಡಿಕೊಟ್ಟೆ. ಗೌಡ್ರು ತಟ್ಟೆ ವಾಪಸ್ ಕಳಿಸಿದರು. "ಇವತ್ತು ಕೈ ತಪ್ಪಿದೆ ಅನ್ಸುತ್ತೆ" ಅಂತ.

ನೋಡಿ, ಎಡವಟ್ಟಿನಿಂದ ಒಳ್ಳೆಯ ತಿಂಡಿ ಹುಟ್ಟಿದ್ದೂ ಉಂಟು. 1917ರಲ್ಲಿ ಮದ್ದೂರು ಸ್ಟೇಷನ್ನಿಗೆ ರೈಲು ಹೊತ್ತಿಗೆ ಮೊದಲೇ ಬಂತಂತೆ. ಪಕೋಡ ಮಾಡಲು ಪುರುಸೊತ್ತಿಲ್ಲ ಅಂತ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರಂತೆ, ಅದೇ ಮದ್ದೂರು ವಡೆ ಆಯಿತಂತೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದ್ದು, ಅದೇ ರವೆ ಇಡ್ಲಿ ಆಗಿದ್ದು ಅಂತ ಎಂಟಿಆರ್‌ನವರು ಹೇಳುತ್ತಾರೆ. ಅವರ ಎಡವಟ್ಟಿಗೆ ಅವರದೇ ಹೆಸರು ಬಂತು. ನನ್ನ ಅರ್ಧ ಹುಳಿಯ ಹಿಟ್ಟಿಗೆ ನನ್ನ ತವರಿನ ಹೆಸರು ಅಂಟಿಕೊಂಡಿತು. ದಾವಣಗೆರೆಯವರಿಗೆ ಇನ್ನೂ ಗೊತ್ತಾಗಿಲ್ಲ ಅನ್ನುವುದೊಂದೇ ಸಮಾಧಾನ ಆಗಿತ್ತು.

ಮೆನು ಊರಿನವರ ಕೈಯಲ್ಲಿದೆ ಅಂದೆನಲ್ಲ, ಅದು ಬಾಳೆಗೊನೆಯಿಂದ ತಿಳಿಯುತ್ತದೆ. ಇಲ್ಲಿ ಎಲ್ಲರ ತೋಟದಲ್ಲೂ ಅಡಿಕೆ ಮರದ ನಡುವೆ ಬಾಳೆ. ಗೊನೆ ಹಣ್ಣಾಗುವಾಗ ಎಲ್ಲರದೂ ಒಟ್ಟಿಗೇ ಆಗುತ್ತದೆ. ಮನೆಯಲ್ಲಿ ತಿಂದು ಮುಗಿಯದ್ದು, ದನಕ್ಕೆ ಹಾಕಿ ಮುಗಿಯದ್ದು ಹೋಟೆಲಿಗೆ ಬರುತ್ತದೆ. ಕಪ್ಪಗೆ ತಿರುಗಿದ ಹಣ್ಣೇ ಬನ್ಸಿಗೆ ಬೇಕಾಗಿರುವುದು. ಚೆನ್ನಾಗಿ ಹಿಸುಕಿ, ಸಕ್ಕರೆ, ಮೊಸರು, ಜೀರಿಗೆ, ಚಿಟಿಕೆ ಸೋಡಾ, ಹಿಡಿಯುವಷ್ಟು ಮೈದಾ ಹಾಕಿ ನಾದಿಟ್ಟು ಮರುದಿನ ಲಟ್ಟಿಸಿ ಕರಿದರೆ ಉಬ್ಬಿ ಬರುತ್ತದೆ. ಒಂದು ದಿನ ತಿನ್ನಲು ಬಹಳ ಚೆನ್ನಾಗಿರುತ್ತದೆ. ವಾರಪೂರ್ತಿ ಅದೇ ಆದರೆ? ಒಂದು ಗೊನೆ ಬೇಡ ಅಂದರೆ ಆ ಮನೆಯವರಿಗೆ ಅವಮಾನ. "ಅವರದ್ದು ತಗೊಂಡ್ರಿ, ನಮ್ದು ಯಾಕೆ ಬೇಡ?" ಹಾಗಾಗಿ ಮಾವ ಎಲ್ಲ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಬನ್ಸ್, ಮಧ್ಯಾಹ್ನ ಬಾಳೆಹಣ್ಣಿನ ಸೀಕರಣೆ, ಸಂಜೆ ಮತ್ತೆ ಬನ್ಸ್. ಗುರುವಾರದ ಹೊತ್ತಿಗೆ ಗೊನೆ ತಂದವರೇ ಬಂದು ಕೂತು, "ಎಂತ ಭಟ್ರೆ, ನಿಮ್ಮಲ್ಲಿ ಬನ್ಸ್ ಬಿಟ್ರೆ ಬೇರೆ ಎಂತದೂ ಇಲ್ವಾ?" ಅಂತ ಕೇಳುತ್ತಾರೆ. ಮಾವ ಶಾಂತವಾಗಿ ಅವಲಕ್ಕಿ ಮೊಸರು ಕೊಡುತ್ತಾರೆ. ಅದರ ಮೇಲೆ ಬಾಳೆಹಣ್ಣು ಹೆಚ್ಚಿ ಹಾಕಿರುತ್ತಾರೆ.

ಬಸ್ಸಿನ ವಿಷಯಕ್ಕೆ ಬರೋಣ. ಈ ಸೀಮೆಯಲ್ಲಿ ಸಹಕಾರ ಸಾರಿಗೆ ಅಂತ ಇತ್ತು. 1991ರಲ್ಲಿ ಕೊಪ್ಪದಲ್ಲಿ ಕೆಲಸಗಾರರೇ ಸೇರಿ ಕಟ್ಟಿಕೊಂಡ ಬಸ್ ಸಂಸ್ಥೆ. ಡ್ರೈವರು, ಕಂಡಕ್ಟರುಗಳೇ ಅದರ ಮಾಲೀಕರು. ಆ ಬಸ್ಸು ನಮ್ಮ ಹೋಟೆಲಿನ ಮುಂದೆ ನಿಲ್ಲುತ್ತಿತ್ತು. ಡ್ರೈವರಿಗೂ ಕಂಡಕ್ಟರಿಗೂ ತಿಂಡಿ ನಮ್ಮ ಲೆಕ್ಕ, ಅದು ರೂಢಿ. ಅದಕ್ಕೆ ಬದಲಾಗಿ ಬಸ್ಸಿನಲ್ಲಿ ಊರಿಗೆ ಬರಬೇಕಾದದ್ದೆಲ್ಲ ನಮ್ಮ ಜಗಲಿಯಲ್ಲಿ ಇಳಿಯುತ್ತಿತ್ತು. ಪೇಪರು, ಪಂಪಿನ ವಾಷರು, ಕೋಳಿಮರಿ, ಕನ್ನಡಕ, ಲಗ್ನಪತ್ರಿಕೆಯ ಕಟ್ಟು. "ಬಸ್ಸಿಗೆ ಹಾಕಿದ್ದೀನಿ, ಹೋಟ್ಲಲ್ಲಿ ಇಸ್ಕೊಳ್ಳಿ" ಅಂದರೆ ವಿಳಾಸ ಮುಗಿಯಿತು.

ಒಂದು ಸಲ ಎರಡು ಕವರ್ ಒಟ್ಟಿಗೆ ಬಂದವು. ಒಂದು ಕೆಳಗಿನ ಮನೆ ಹುಡುಗನಿಗೆ ನೋಡಿದ್ದ ಹುಡುಗಿಯ ಜಾತಕ. ಇನ್ನೊಂದು ಮೇಲಿನ ಮನೆಯವರ ತೋಟದ ಮಣ್ಣು ಪರೀಕ್ಷೆಯ ವರದಿ. ಎರಡರ ಮೇಲೂ ಮಳೆ ಬಿದ್ದು ಹೆಸರು ಅಳಿಸಿಹೋಗಿತ್ತು. ಮೇಷ್ಟ್ರು ಕೈಯಲ್ಲಿ ತೂಗಿ ನೋಡಿ, ತೂಕದ ಮೇಲೆ ನಿರ್ಧಾರ ಮಾಡಿ ಹಂಚಿದರು. ಸಂಜೆ ಕೆಳಗಿನ ಮನೆಯವರು ಮುಖ ಸಪ್ಪೆ ಮಾಡಿಕೊಂಡು ಬಂದರು. "ಹುಡುಗಿ ಕಡೆಯವರು ನೇರ ಮಾತಿನವರು ಅನ್ಸುತ್ತೆ ಭಟ್ರೆ. ಹುಳಿ ಜಾಸ್ತಿ ಅಂತ ಅವರೇ ಬರೆದುಬಿಟ್ಟಿದ್ದಾರೆ. ಸುಣ್ಣ ಹಾಕಿದ್ರೆ ಸರಿಯಾಗುತ್ತಂತೆ." ಅಷ್ಟರಲ್ಲಿ ಮೇಲಿನ ಮನೆಯವರು ಛತ್ರಿ ಮಡಚುತ್ತಾ ಬಂದರು. ಅವರ ಚಿಂತೆ ಬೇರೆ. "ಅಲ್ಲ ಮಾರಾಯ್ರೆ, ನನ್ನ ತೋಟಕ್ಕೆ ಕುಜದೋಷ ಅಂತೆ. ಕೊಳೆ ರೋಗ ಬಂದಿದ್ದು ಇದಕ್ಕೇನಾ? ಮೈಲುತುತ್ತ ಹೊಡೆದಿದ್ದೆಲ್ಲ ವೇಸ್ಟಾ?" ಕವರ್ ಬದಲಾಯಿಸಿ ಕೊಟ್ಟದ್ದಾಯಿತು. ಆ ಹುಡುಗಿಯ ಮದುವೆ ಅದೇ ಮನೆಗೆ ಆಯಿತು ಅನ್ನಿ. ಮೇಲಿನ ಮನೆಯವರು ಮಾತ್ರ ಯಾವುದಕ್ಕೂ ಇರಲಿ ಅಂತ ಸುಣ್ಣದ ಜೊತೆ ಒಂದು ಶಾಂತಿಯನ್ನೂ ಮಾಡಿಸಿದರು.

2020ರ ಫೆಬ್ರವರಿಯಲ್ಲಿ ಸಹಕಾರ ಸಾರಿಗೆ ನಷ್ಟದಲ್ಲಿ ನಿಂತುಹೋಯಿತು. ಮುಂದಿನ ತಿಂಗಳೇ ಲಾಕ್‌ಡೌನ್. ಬಸ್ಸಿಲ್ಲ, ಬೆಂಚಿಲ್ಲ. ಊರಿನವರು ಬಾಗಿಲು ಹಾಕಿದ ಹೋಟೆಲಿನ ಮುಂದೆ ದೂರ ದೂರ ನಿಂತು, ಹೋಟೆಲ್ ತೆರೆದಿದ್ದರೆ ಇವತ್ತು ಏನು ತಿಂಡಿ ಇರುತ್ತಿತ್ತು ಅಂತ ಚರ್ಚೆ ಮಾಡಿ ಮನೆಗೆ ಹೋಗುತ್ತಿದ್ದರು. ಆ ಚರ್ಚೆಯಲ್ಲೂ ಜಗಳ ಆಗಿದೆ.

ಜಗಳ ಅಂದಾಗ ನೆನಪಾಯಿತು, ಅಣ್ಣ ತಮ್ಮಂದಿರ ಬೆಂಚು. ತೋಟದ ಅಗಳದ, ಅಂದರೆ ಗಡಿ ಕಂದಕದ ವಿಷಯಕ್ಕೆ ಮಾತು ಬಿಟ್ಟ ಇಬ್ಬರಿದ್ದಾರೆ. ಕೋರ್ಟಿನಲ್ಲಿ ಕೇಸು. ಆದರೆ ಇಬ್ಬರಿಗೂ ಬೆಳಿಗ್ಗೆ ನಮ್ಮ ಕಾಫಿಯೇ ಆಗಬೇಕು. ಎದುರು ಬದುರು ಬೆಂಚಿನಲ್ಲಿ, ಬೆನ್ನು ತಿರುಗಿಸಿ ಕೂರುತ್ತಾರೆ. ಮಾತು ಮಾವನ ಮೂಲಕ.

"ಭಟ್ರೆ, ಅಡಿಕೆ ಕೊನೆ ತೆಗೆಯೋನು ನಾಳೆ ನಮ್ಮ ತೋಟಕ್ಕೆ ಬರ್ತಾನಂತೆ. ಯಾರಿಗಾದ್ರೂ ಬೇಕಿದ್ರೆ ನಾಡಿದ್ದು ಕಳಿಸ್ತೀನಿ ಅಂತ ಹೇಳಿ."

"ಭಟ್ರೆ, ಯಾರಿಗಾದ್ರೂ ಅಂದ್ರೆ ಯಾರಿಗೆ ಅಂತ ಕೇಳಿ."

ಮಾವ ನಡುವೆ ದೋಸೆ ಸೌಟು ಹಿಡಿದು ನಿಂತಿರುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ ಉತ್ತರ ಬಂದಿರುತ್ತದೆ. ಒಂದು ದಿನ ಮಾವನಿಗೆ ಜ್ವರ. ಇಬ್ಬರೂ ಬಂದು ಕೂತರು. ನಡುವೆ ಯಾರೂ ಇಲ್ಲ. ಸ್ವಲ್ಪ ಹೊತ್ತು ಸುಮ್ನೆ ಇದ್ದು ಅಣ್ಣ ಗೋಡೆಯ ಮೇಲಿನ ದೇವರ ಪಟ ನೋಡಿ ಹೇಳಿದರು: "ಅಮ್ಮನ ತಿಥಿ ಹದಿನಾರನೇ ತಾರೀಕು ಬರುತ್ತೆ." ತಮ್ಮ ಅದೇ ಪಟಕ್ಕೆ ಕೈ ಮುಗಿದು, "ಗೊತ್ತುಂಟು, ಬಾಳೆಎಲೆ ನಾನು ತರ್ತೀನಿ" ಅಂದರು. ಕೇಸು ಇನ್ನೂ ನಡೆಯುತ್ತಿದೆ.

ಸಾಲದ ಪುಸ್ತಕದ ಬಗ್ಗೆ ಬರೆಯದಿದ್ದರೆ ಹೋಟೆಲಿನ ಕಥೆ ಆಗುವುದಿಲ್ಲ. ಇಲ್ಲಿ ದುಡ್ಡು ಓಡಾಡುವುದು ಅಡಿಕೆ ಮಾರಿದ ಮೇಲೆ. ಅಲ್ಲಿಯವರೆಗೆ ಬರೆದಿಡುವುದು. ಮಾವನ ಪುಸ್ತಕದಲ್ಲಿ ಹೆಸರುಗಳಿಲ್ಲ. "ಕೆರೆ ಪಕ್ಕದವರು", "ಕೆಂಪು ಬೈಕು", "ಅವನ ಭಾವ" ಅಂತೆಲ್ಲ ಇದೆ. ಕೆಂಪು ಬೈಕಿನವನು ನೀಲಿ ಬೈಕು ತಗೊಂಡಾಗ ಲೆಕ್ಕ ಹುಡುಕಲು ಅರ್ಧ ದಿನ ಹಿಡಿಯಿತು.

ಆ ಪುಸ್ತಕ ಒಂದೇ ಒಂದು ಸಲ ಪೂರ್ತಿ ಚುಕ್ತಾ ಆಗಿದ್ದು 2016ರಲ್ಲಿ. ನವೆಂಬರ್ 8ರ ರಾತ್ರಿ ಪ್ರಧಾನಿ ಟಿವಿಯಲ್ಲಿ ಐನೂರು, ಸಾವಿರದ ನೋಟು ನಡೆಯುವುದಿಲ್ಲ ಅಂದರು. ಮರುದಿನ ನಾವು ಬಾಗಿಲು ತೆಗೆಯುವ ಮೊದಲೇ ಅಂಗಳದಲ್ಲಿ ಕ್ಯೂ. ಎಷ್ಟೋ ವರ್ಷದಿಂದ ಮುಖ ತಪ್ಪಿಸಿ ಓಡಾಡುತ್ತಿದ್ದವರೆಲ್ಲ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು ನಿಂತಿದ್ದರು. "ಸಾಲ ಇಟ್ಕೋಬಾರದು ಭಟ್ರೆ, ಮನಸ್ಸಿಗೆ ಭಾರ" ಅಂತ ಸಾವಿರದ ನೋಟು ಇಟ್ಟರು. ತೀರಿಹೋದ ಅಪ್ಪನ ಸಾಲ ತೀರಿಸಲು ಬಂದ ಮಗನೂ ಇದ್ದ. ಸಾಲವೇ ಇಲ್ಲದ ಒಬ್ಬರು, "ಮುಂದೆ ತಿನ್ನೋದಕ್ಕೆ ಅಡ್ವಾನ್ಸು" ಅಂತ ಕೊಟ್ಟು ಹೋದರು. ಮಾವನಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಆಮೇಲೆ ಅವರು ಬ್ಯಾಂಕಿನ ಕ್ಯೂನಲ್ಲಿ ನಿಂತರು. ಅಲ್ಲಿ ಅವರ ಮುಂದೆಯೂ ಹಿಂದೆಯೂ ನಿಂತಿದ್ದವರು ನಮ್ಮ ಗಿರಾಕಿಗಳೇ. "ಫ್ಲಾಸ್ಕಿನಲ್ಲಿ ಕಾಫಿ ತರಬಹುದಿತ್ತಲ್ಲ ಭಟ್ರೆ" ಅಂದರಂತೆ.

ಈಗ ಯುಪಿಐ ಬಂದಿದೆ. ನಮ್ಮನೆಯವರು ಗಲ್ಲಾದ ಮೇಲೆ ಮಾತಾಡುವ ಡಬ್ಬಿ ತಂದಿಟ್ಟಿದ್ದಾರೆ. ದುಡ್ಡು ಬಂದರೆ ಅದು ಗಟ್ಟಿಯಾಗಿ ಕೂಗುತ್ತದೆ. ತೊಂದರೆ ಎರಡು. ಮೊದಲನೆಯದು, ಯಾರು ಎಷ್ಟು ತಿಂದರು ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಶುಗರ್ ಇರುವ ಒಬ್ಬರು ಬರೀ ಸಕ್ಕರೆ ಇಲ್ಲದ ಕಾಫಿ ಅಂತ ಮನೆಯಲ್ಲಿ ಹೇಳಿ ಬರುತ್ತಿದ್ದರು. "ತೊಂಬತ್ತೈದು ರೂಪಾಯಿ" ಅಂತ ಡಬ್ಬಿ ಕೂಗಿದ್ದು ರಸ್ತೆಯಲ್ಲಿ ಹೋಗುತ್ತಿದ್ದ ಅವರ ಹೆಂಡತಿಗೆ ಕೇಳಿಸಿತು. ಎರಡನೆಯದು ನೆಟ್‌ವರ್ಕು. ಮಳೆ ಬಂದರೆ ಡಬ್ಬಿ ಮೌನ. ಒಂದು ದಿನ ಬೆಳಿಗ್ಗೆಯಿಂದ ಬಂದ ದುಡ್ಡನ್ನೆಲ್ಲ ನುಂಗಿಕೊಂಡು ಕೂತಿತ್ತು. ನಡುರಾತ್ರಿ ಸಿಗ್ನಲ್ ಬಂತು. ಕತ್ತಲೆಯಲ್ಲಿ ಒಂದೇ ಸಮ ಶುರುಮಾಡಿತು: ಹದಿನೈದು ರೂಪಾಯಿ, ನಲವತ್ತು ರೂಪಾಯಿ, ಹದಿನೈದು ರೂಪಾಯಿ. ಅತ್ತೆ ಕಳ್ಳರು ಬಂದು ದುಡ್ಡು ಎಣಿಸುತ್ತಿದ್ದಾರೆ ಅಂತ ಒನಕೆ ಹಿಡಿದು ಹೊರಟರು. ಮಾವ ಹಾಸಿಗೆಯಲ್ಲೇ, "ಎಣಿಸಿ ಮುಗಿಸಲಿ, ಎಷ್ಟಾಯ್ತು ಅಂತ ಕೇಳ್ಕೊಂಡು ಬಾ" ಅಂದರು.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದ ಸುದ್ದಿ ಆಯಿತಲ್ಲ, ಬೆಂಗಳೂರಿನಲ್ಲಿ ಬೇಕರಿಗಳ ಮುಂದೆ ಕ್ಯಾಶ್ ಮಾತ್ರ ಅಂತ ಬೋರ್ಡು ಬಿತ್ತಲ್ಲ, ಆಗ ಊರಿನವರಿಗೆ ನಮ್ಮ ಮೇಲೆ ಭಾರಿ ಕಾಳಜಿ ಬಂತು. ನಮ್ಮ ವ್ಯಾಪಾರ ಆ ಲೆಕ್ಕದ ಹತ್ತಿರಕ್ಕೂ ಹೋಗುವುದಿಲ್ಲ ಅಂತ ನಮ್ಮನೆಯವರು ಹೇಳಿದರು. ಯಾರೂ ನಂಬಲಿಲ್ಲ. "ನಿಮಗೆ ನೋಟಿಸ್ ಬರಬಾರದು ಭಟ್ರೆ. ಅದಕ್ಕೇ ನಾವು ಯುಪಿಐ ಮಾಡೋದಿಲ್ಲ." ಹಾಗಾದರೆ ಕ್ಯಾಶು? "ಕ್ಯಾಶ್ ಯಾರು ಇಟ್ಕೋತಾರೆ ಈಗ? ಬರೆದಿಡಿ."

ಇಷ್ಟೆಲ್ಲ ಬರೆದಿಡುವ ಪುಸ್ತಕದಲ್ಲಿ ಕೆಲವು ದಿನ ಮಾತ್ರ ಏನೂ ಬರೆಯುವುದಿಲ್ಲ. ಊರಿನಲ್ಲಿ ಸಾವಾದರೆ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಸುದ್ದಿ ಬಂದ ಕೂಡಲೇ ಅತ್ತೆ ದೊಡ್ಡ ಪಾತ್ರೆಯಲ್ಲಿ ಕಾಫಿಗೆ ನೀರಿಡುತ್ತಾರೆ. ಯಾರಿಗೆ, ಎಷ್ಟು ಅಂತ ಯಾರೂ ಹೇಳಬೇಕಾಗಿಲ್ಲ. ಉಪ್ಪಿಟ್ಟು, ಕಾಫಿ ಜೀಪಿನಲ್ಲಿ ಹೋಗುತ್ತದೆ. ಹೊಸದರಲ್ಲಿ ನಾನು ಪುಸ್ತಕ ತೆಗೆದು ಎಷ್ಟು ಲೋಟ ಅಂತ ಬರೆಯಲು ಹೋದೆ. ಮೇಷ್ಟ್ರು ನನ್ನ ಕೈಯಿಂದ ಪೆನ್ನು ತಗೊಂಡು ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. ಆ ಪೆನ್ನು ನನ್ನದು. ಇನ್ನೂ ಕೊಟ್ಟಿಲ್ಲ.

ಇತ್ತೀಚೆಗೆ ಒಬ್ಬ ಹುಡುಗ ಕ್ಯಾಮೆರಾ ಹಿಡಿದು ಬಂದು ನಮ್ಮ ಕೊಟ್ಟೆ ಕಡುಬಿನ ವಿಡಿಯೋ ಹಾಕಿದ. ಮುಂದಿನ ಭಾನುವಾರ ಕಾರುಗಳೋ ಕಾರುಗಳು. ನಾವು ಖುಷಿಯಾದೆವು. ಊರಿನವರು ಆಗಲಿಲ್ಲ. ಅವರ ಬೆಂಚಿನಲ್ಲಿ ಯಾರೋ ಕೂತಿದ್ದರು. ಸ್ವಲ್ಪ ಹೊತ್ತು ಜಗಲಿಯಲ್ಲಿ ನಿಂತು ನೋಡಿ, ಆಮೇಲೆ ಗೌಡ್ರು ಪಂಚೆ ಎತ್ತಿ ಕಟ್ಟಿ ಸಪ್ಲೈಗೆ ಇಳಿದರು. ಎಂಥ ಸಹಾಯ ಅಂತ ನನಗೆ ಕಣ್ಣು ತುಂಬಿ ಬಂತು. ಒಳಗೆ ಎರಡು ಅಟ್ಟ ಕಡುಬು ಬೇಯುತ್ತಿತ್ತು, ಹೊರಗೆ ಮಾತ್ರ ಯಾರೂ ಕಡುಬು ಕೇಳುತ್ತಿಲ್ಲ. ಬಾಗಿಲಿಗೆ ಕಿವಿ ಕೊಟ್ಟೆ. ಗೌಡ್ರು ಒಂದೊಂದೇ ಟೇಬಲ್ಲಿಗೆ ಹೋಗಿ ವಿನಯದಿಂದ ಹೇಳುತ್ತಿದ್ದರು: "ಕಡುಬು ಖಾಲಿ. ದೋಸೆನೂ ಖಾಲಿ. ಮುಂದೆ ಶೃಂಗೇರಿಯಲ್ಲಿ ಒಳ್ಳೆ ಹೋಟ್ಲುಗಳಿವೆ, ಊಟದ ಹೊತ್ತಿಗೆ ತಲುಪ್ತೀರಿ." ಕಾರುಗಳೆಲ್ಲ ಹೋದ ಮೇಲೆ ಊರಿನವರು ಬೆಂಚಿನಲ್ಲಿ ಕೂತು ಆ ಎರಡು ಅಟ್ಟವನ್ನು ಮುಗಿಸಿದರು. ಬರೆದಿಡಿ ಅಂದರು.

ಕೊನೆಗೆ ನಮ್ಮನೆಯವರು ಗಟ್ಟಿ ಮನಸ್ಸು ಮಾಡಿ ಕಾಫಿ ಹದಿನೈದರಿಂದ ಇಪ್ಪತ್ತು ಅಂತ ಹಲಗೆಯಲ್ಲಿ ಬರೆದರು. ಕಾಫಿಪುಡಿ, ಹಾಲು, ಗ್ಯಾಸು ಎಲ್ಲದರ ರೇಟೂ ಏರಿದೆ. ಬೆಳಿಗ್ಗೆ ನೋಡಿದರೆ ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿ ಹದಿನೈದು ಅಂತ ಮತ್ತೆ ಬರೆದಿದ್ದಾರೆ. ಅಕ್ಷರ ಗುಂಡಗಿತ್ತು. ಸಂಜೆ ಸಭೆ ಸೇರಿತು. ಅಡಿಕೆ ರೇಟು ಬಿದ್ದಿದೆ ಅಂದರು ಒಬ್ಬರು. ಎಲೆಚುಕ್ಕಿ ರೋಗ ಅಂದರು ಇನ್ನೊಬ್ಬರು. ಲೋಟ ಚಿಕ್ಕದು ಮಾಡಿ ಅಂತ ಒಂದು ಸಲಹೆ ಬಂತು, ಅದಕ್ಕೆ ಗಲಾಟೆಯೇ ಆಯಿತು. ನಮ್ಮನ್ನು ಯಾರೂ ಏನೂ ಕೇಳಲಿಲ್ಲ, ನಾವು ಸಭೆಗೆ ಕಾಫಿ ಕೊಡುತ್ತಿದ್ದೆವು. ಕಡೆಗೆ ಮೇಷ್ಟ್ರು ತೀರ್ಪು ಕೊಟ್ಟರು. ಊರಿನವರಿಗೆ ಹದಿನೈದು, ಹೊರಗಿನವರಿಗೆ ಇಪ್ಪತ್ತು. ದೋಸೆಗೂ ಹಾಗೇ, ಐವತ್ತು ಮತ್ತು ಎಪ್ಪತ್ತು.

ಹೊರಗಿನವರು ಅಂದರೆ ಯಾರು ಅನ್ನುವುದು ಮಾತ್ರ ಇತ್ಯರ್ಥ ಆಗಲಿಲ್ಲ. ಮೊದಲ ಪರೀಕ್ಷೆಗೆ ಸಿಕ್ಕವನು ನಮ್ಮ ಅಣ್ಣ.

ದಾವಣಗೆರೆಯಿಂದ ಬೆಳಗಿನ ಜಾವ ಹೊರಟು ಬಂದಿದ್ದ. ನಾನು ಒಳಗೆ ಪೂಜೆಯ ಕೆಲಸದಲ್ಲಿದ್ದೆ. ಅವನು ಮನೆ ಕಡೆ ಬರದೆ, ತಮಾಷೆಗೆ ಹೋಟೆಲಿನಲ್ಲೇ ಕೂತು ದೋಸೆ ಹೇಳಿದ. ದೋಸೆ ಬಂತು. ತಿರುಗಿಸಿ ನೋಡಿದ. ಇದೇನು ಅಂತ ಕೇಳಿದ.

"ದಾವಣಗೆರೆ ಬೆಣ್ಣೆ ದೋಸೆ" ಅಂದರು ಗೌಡ್ರು.

"ನಾನು ದಾವಣಗೆರೆಯವನೇ."

"ಹೌದಾ? ಹಾಗಾದ್ರೆ ನಿಮಗೆ ಗೊತ್ತೇ ಇರಬೇಕಲ್ಲ" ಅಂತ ಮೇಷ್ಟ್ರು ಕುರ್ಚಿ ತಿರುಗಿಸಿಕೊಂಡು, ಅಸಲಿ ದಾವಣಗೆರೆ ದೋಸೆ ಎಷ್ಟು ದಪ್ಪ ಇರಬೇಕು, ಯಾಕೆ ಗರಿಗರಿ ಆಗಬಾರದು, ಈಗಿನ ಹೋಟೆಲುಗಳು ಅದನ್ನು ಹೇಗೆ ಕೆಡಿಸಿವೆ ಅಂತ ವಿವರವಾಗಿ ಹೇಳಿದರು. ಅಣ್ಣ ಪೂರ್ತಿ ಕೇಳಿಸಿಕೊಂಡ. ನಾನು ಹೊರಗೆ ಬರುವ ಹೊತ್ತಿಗೆ ಅವನು ಗಲ್ಲಾದ ಮುಂದೆ ಪರ್ಸ್ ಹಿಡಿದು ನಿಂತಿದ್ದ. ಇವನು ನನ್ನ ಅಣ್ಣ ಅಂದೆ. ಬೆಂಚುಗಳಲ್ಲಿ ಗುಸುಗುಸು ಆಯಿತು. ಸೊಸೆಯ ಅಣ್ಣ ಅಂದರೆ ಊರಿನವರೇ ಅಲ್ವಾ ಅಂತ ಒಬ್ಬರು. ದೋಸೆ ಅರ್ಧ ಬಿಟ್ಟಿದ್ದಾರೆ, ಊರಿನವರು ಬಿಡ್ತಾರಾ ಅಂತ ಇನ್ನೊಬ್ಬರು. ಮಾವ ಚಟ್ನಿ ಪಾತ್ರೆ ಹಿಡಿದು ನಿಂತಲ್ಲೇ ನಿಂತಿದ್ದರು.

ಮೇಷ್ಟ್ರು ಸ್ವಲ್ಪ ಯೋಚಿಸಿ ಕನ್ನಡಕ ಸರಿ ಮಾಡಿಕೊಂಡರು. "ಕಾಫಿ ಹದಿನೈದು, ನಮ್ಮ ಮನೆ ಹುಡುಗಿಯ ಅಣ್ಣ ಅಂತ. ದೋಸೆ ಎಪ್ಪತ್ತು. ನೀವು ಅದನ್ನು ಇನ್ನೂ ಕಲೀಬೇಕು."

ಅಣ್ಣ ನೂರು ಕೊಟ್ಟ. ಚಿಲ್ಲರೆ ಇರಲಿಲ್ಲ. ಹದಿನೈದು ರೂಪಾಯಿಗೆ ಒಂದು ಬನ್ಸ್ ಕಟ್ಟಿಕೊಟ್ಟರು.